ಹಳಿ ಮುಗಿಯುವ ಊರು: ತಾಳಗುಪ್ಪ ರೈಲು ನಿಲ್ದಾಣದ ಚರಿತ್ರೆ ಮತ್ತು ಮಲೆನಾಡಿನ ಹೊಣೆ

(ಬಳಗದ ಸಭೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಸಾಗರ ತಾಲ್ಲೂಕಿನ ತಾಳಗುಪ್ಪದಲ್ಲಿ ರೈಲು ಹಳಿ ಮುಗಿಯುತ್ತದೆ. ಬೀರೂರಿನಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆದು ತರೀಕೆರೆ, ಭದ್ರಾವತಿ, ಶಿವಮೊಗ್ಗ, ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು ಬಂದ ಮಾರ್ಗ ಈ ಹೋಬಳಿ ಕೇಂದ್ರದಲ್ಲಿ ಬಂದು ನಿಂತುಬಿಡುತ್ತದೆ. ಇಲ್ಲಿಂದ ಜೋಗ ಸುಮಾರು 15 ಕಿಲೋಮೀಟರು. ಅದರಾಚೆ ಶರಾವತಿಯ ಕಣಿವೆ, ಗೇರುಸೊಪ್ಪೆಯ ಘಟ್ಟ, ಹೊನ್ನಾವರದ ಕಡಲು.

ಹಳ್ಳಿಯೊಂದರ ರೈಲು ನಿಲ್ದಾಣ ಪರಿಸರದ ವೇದಿಕೆಯಲ್ಲಿ ಚರ್ಚೆಯ ವಸ್ತುವಾಗಬೇಕೇ ಎಂಬ ಪ್ರಶ್ನೆ ಸಹಜ. ಕಾಡಿನ ಮೇಲೆ, ಗದ್ದೆ ತೋಟಗಳ ಮೇಲೆ, ಜನರ ಓಡಾಟದ ಮೇಲೆ ದೀರ್ಘಕಾಲದ ಪರಿಣಾಮ ಮಾಡುವ ಸಂಗತಿಗಳಲ್ಲಿ ದಾರಿಗೆ ಮೊದಲ ಸ್ಥಾನವಿದೆ. ಅಣೆಕಟ್ಟಿನ ಬಗ್ಗೆ, ಗಣಿಯ ಬಗ್ಗೆ, ನೆಡುತೋಪಿನ ಬಗ್ಗೆ ಮಲೆನಾಡು ಸಾಕಷ್ಟು ಮಾತನಾಡಿದೆ. ಆದರೆ ಆಗಲೇ ಇರುವ ದಾರಿಯನ್ನು ಹೇಗೆ ಬಳಸಬೇಕು, ಹೊಸ ದಾರಿಯನ್ನು ಯಾವಾಗ ಬೇಡವೆನ್ನಬೇಕು ಎಂಬ ಬಗ್ಗೆ ಅಷ್ಟು ವಿಚಾರ ನಡೆದಿಲ್ಲ. ತಾಳಗುಪ್ಪದ ನಿಲ್ದಾಣ ಆ ವಿಚಾರಕ್ಕೆ ಒಳ್ಳೆಯ ಪಾಠಶಾಲೆ.

ಹಳಿ ಬರುವ ಮೊದಲು

ರೈಲಿಗೆ ಮೊದಲು ಈ ಸೀಮೆಯ ಮುಖ ಪಶ್ಚಿಮಕ್ಕಿತ್ತು. ಅಡಿಕೆ, ಮೆಣಸು, ಅಕ್ಕಿ ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿದ್ದವು. ಉಪ್ಪು ಮೊದಲಾದವು ಘಟ್ಟ ಹತ್ತಿ ಬರುತ್ತಿದ್ದವು. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿ, ಅಲ್ಲಿಂದ ಮೇಲಕ್ಕೆ ಹೇರೆತ್ತು ಮತ್ತು ಗಾಡಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ, ಕೆಳದಿಯ ಅರಸರು ಕರಾವಳಿಯವರೆಗೆ ಆಳಿದ್ದೂ ಇದೇ ವ್ಯಾಪಾರದ ಬಲದ ಮೇಲೆ.

ಹಳಿ ಈ ಮುಖವನ್ನು ಪೂರ್ವಕ್ಕೆ ತಿರುಗಿಸಿತು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಶಿವಮೊಗ್ಗದಿಂದ ಮುಂದೆ ಮಲೆನಾಡಿನ ಒಳಕ್ಕೆ ಹಳಿ ಹಾಕುವ ಕೆಲಸವನ್ನು ಮೈಸೂರು ಸಂಸ್ಥಾನ 1930ರ ದಶಕದಲ್ಲಿ ಹಂತಹಂತವಾಗಿ ನಡೆಸಿತು. 1940ರ ಹೊತ್ತಿಗೆ ತಾಳಗುಪ್ಪ ರೈಲಿನ ನಕ್ಷೆಯಲ್ಲಿ ಸೇರಿತು. ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಉದ್ದ ನೂರು ಕಿಲೋಮೀಟರಿಗೆ ತುಸು ಕಡಿಮೆ. ಹಳಿಗಳ ನಡುವಣ ಅಂತರ ಒಂದು ಮೀಟರು. ಅದಕ್ಕೆಂದೇ ಮೀಟರ್ ಗೇಜ್ ಎಂಬ ಹೆಸರು.

ಹಳಿ ಇಲ್ಲಿಯೇ ಏಕೆ ನಿಂತಿತು ಎಂಬುದಕ್ಕೆ ಭೂಪಟವೇ ಎರಡು ಕಾರಣಗಳನ್ನು ತೋರುತ್ತದೆ. ಒಂದು ಘಟ್ಟ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಕಡಿದಾದ ಇಳಿಜಾರು ರೈಲಿಗೆ ಆಗದು. ಜೋಗದ ಆಚೆಗೆ ನೆಲ ಒಮ್ಮೆಲೇ ಕುಸಿಯುತ್ತದೆ. ಇನ್ನೊಂದು ಗಡಿ. ಅಂದು ತಾಳಗುಪ್ಪ ಮೈಸೂರು ಸಂಸ್ಥಾನದ ಅಂಚಿನ ಹೋಬಳಿ. ಪಕ್ಕದ ಸಿದ್ದಾಪುರವೂ ಕೆಳಗಿನ ಹೊನ್ನಾವರವೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. 1956ರಲ್ಲಿ ರಾಜ್ಯ ಒಂದಾದ ಮೇಲೆ ಗಡಿ ಅಳಿಯಿತು. ಘಟ್ಟ ಅಳಿಯಲಿಲ್ಲ.

ಮಲೆನಾಡು ಕೊಟ್ಟದ್ದು, ಪಡೆದದ್ದು

ಮಲೆನಾಡಿನಲ್ಲಿ ಹಳಿಯ ಚರಿತ್ರೆಯನ್ನು ಕಾಡಿನ ಚರಿತ್ರೆಯಿಂದ ಬೇರ್ಪಡಿಸಲಾಗದು. ಹಳಿಯ ಕೆಳಗಿನ ಅಡ್ಡದಿಮ್ಮಿಗಳು, ಅಂದರೆ ಸ್ಲೀಪರುಗಳು, ಬಹುಕಾಲ ಮರದವೇ ಆಗಿದ್ದವು. ಜಂಬೆ, ಕಿರಾಲುಬೋಗಿಯಂಥ ಗಟ್ಟಿ ಮರಗಳಿಗೆ ಅದಕ್ಕಾಗಿ ಬೇಡಿಕೆ ಇತ್ತು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ. ಆ ಕಟ್ಟಿಗೆಗಾಗಿ ಕಾಡಿನೊಳಗೆ ಟ್ರಾಮ್ ಹಳಿಗಳನ್ನು ಹಾಸಲಾಗಿತ್ತು. ಆ ಕಾಲದಲ್ಲಿ ಹಳಿ ಕಾಡಿನಿಂದ ಮರವನ್ನು ಹೊರಗೆ ಸಾಗಿಸುವ ಕೊಳವೆಯಾಗಿತ್ತು ಎಂದರೆ ತಪ್ಪಾಗದು.

ತಾಳಗುಪ್ಪಕ್ಕೆ ಹಳಿ ತಲುಪಿದ ಕಾಲವೂ ಜೋಗದ ವಿದ್ಯುತ್ ಯೋಜನೆಯ ಕಾಲವೂ ಒಂದೇ. ಶರಾವತಿಗೆ ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿ, 1948ರಲ್ಲಿ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಪೂರ್ಣಗೊಂಡಾಗ ಹಿರೇಭಾಸ್ಕರದ ಅಣೆಕಟ್ಟೆಯೇ ನೀರಿನಡಿ ಸೇರಿತು. ಅದರೊಡನೆ ಗದ್ದೆ, ತೋಟ, ಕಾನು, ದೇವಸ್ಥಾನಗಳೂ ಮುಳುಗಿದವು; ಸಾವಿರಾರು ಕುಟುಂಬಗಳು ಊರು ಬಿಟ್ಟು ಬೇರೆ ಕಡೆ ನೆಲೆ ಹುಡುಕಬೇಕಾಯಿತು. ಮುಳುಗಡೆಯ ನೋವು ಮೂರನೆಯ ತಲೆಮಾರಿನಲ್ಲೂ ಆರಿಲ್ಲ. ಹಕ್ಕುಪತ್ರದ ಪ್ರಶ್ನೆ ಇಂದಿಗೂ ಜೀವಂತ.

ಹೀಗೆ ಮರ ಹೋಯಿತು, ನೀರು ಹೋಯಿತು, ನೆಲ ಹೋಯಿತು, ವಿದ್ಯುತ್ತು ತಂತಿಯ ಮೇಲೆ ಹೋಯಿತು. ಇವೆಲ್ಲ ಒಮ್ಮುಖ ಪ್ರಯಾಣಗಳು. ಹೋದವನು ಮರಳಿ ಬರುವ ವ್ಯವಸ್ಥೆಯೆಂದು ಉಳಿದದ್ದರಲ್ಲಿ ರೈಲು ಮುಖ್ಯವಾದುದು. ಓದಲು ಹೋದ ಹುಡುಗಿ, ಆಸ್ಪತ್ರೆಗೆ ಹೋದ ಮುದುಕ, ನ್ಯಾಯಾಲಯಕ್ಕೆ ಹೋದ ಗೇಣಿದಾರ ಅಗ್ಗದ ಚೀಟಿಯಲ್ಲಿ ಹೋಗಿ ಮರಳಬಲ್ಲ ದಾರಿ ಅದು. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಆ ಬಂಧನದ ನೆನಪು ಸಾಗರದ ರೈಲು ನಿಲ್ದಾಣದೊಡನೆ ಬೆಸೆದುಕೊಂಡಿದೆ. ಉಳುವವನ ಹಕ್ಕಿನ ಮಾತು ಮಲೆನಾಡಿನ ಮೂಲೆಯಿಂದ ದೇಶದ ಕಿವಿಗೆ ಬಿದ್ದುದರಲ್ಲಿ ಈ ಹಳಿಗೂ ಒಂದು ಪಾಲಿದೆ.

ನಿಲ್ದಾಣದ ಕೆಲಸವೇನು?

ವಿದ್ಯಾರ್ಥಿಗಳು ಒಂದು ವಿಷಯವನ್ನು ತಿಳಿದಿರುವುದು ಒಳ್ಳೆಯದು. ರೈಲು ನಿಲ್ಲುವ ಜಾಗಗಳೆಲ್ಲ ಒಂದೇ ಬಗೆಯವಲ್ಲ. ಪೂರ್ಣ ನಿಲ್ದಾಣವೆಂದರೆ ಅಲ್ಲಿ ಸ್ಟೇಷನ್ ಮಾಸ್ಟರ್ ಇರುತ್ತಾರೆ, ಸಿಗ್ನಲ್ ಇರುತ್ತದೆ, ಒಂದು ರೈಲು ಬದಿಗೆ ಸರಿದು ಎದುರಿನ ರೈಲಿಗೆ ದಾರಿ ಬಿಡಲು ಎರಡನೆಯ ಹಳಿ ಇರುತ್ತದೆ. ಹಾಲ್ಟ್ ಎಂದರೆ ಇವೇನೂ ಇಲ್ಲದ, ಕೇವಲ ಹತ್ತಿ ಇಳಿಯುವ ತಾಣ. ಅಲ್ಲಿ ಸಾಮಾನ್ಯವಾಗಿ ಕಮಿಷನ್ ಮೇಲೆ ಚೀಟಿ ಮಾರುವ ಸ್ಥಳೀಯ ಏಜೆಂಟರೊಬ್ಬರು ಇರುತ್ತಾರೆ.

ಈ ವ್ಯತ್ಯಾಸ ಮೇಲ್ನೋಟಕ್ಕೆ ಚಿಕ್ಕದು, ಪರಿಣಾಮ ದೊಡ್ಡದು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಒಂದೇ ಸಮಯಕ್ಕೆ ಒಂದೇ ರೈಲು ಇರಬೇಕು. ಹಿಂದೆ ಇದಕ್ಕಾಗಿ ಟೋಕನ್ ಪದ್ಧತಿ ಇತ್ತು. ಚಾಲಕನ ಕೈಗೆ ಟೋಕನ್ ಬಾರದೆ ರೈಲು ನಿಲ್ದಾಣ ಬಿಡುವಂತಿಲ್ಲ. ಅದು ಮುಂದಿನ ನಿಲ್ದಾಣ ತಲುಪುವವರೆಗೆ ಇನ್ನೊಂದು ಟೋಕನ್ ಯಂತ್ರದಿಂದ ಹೊರಬಾರದು. ಇಂದು ಉಪಕರಣಗಳು ಬದಲಾಗಿವೆ, ತತ್ವ ಅದೇ. ಆದ್ದರಿಂದ ಪೂರ್ಣ ನಿಲ್ದಾಣವೊಂದನ್ನು ಹಾಲ್ಟ್ ಮಾಡಿದರೆ ಒಂದು ಊರಿಗಷ್ಟೇ ನಷ್ಟವಲ್ಲ. ಇಡೀ ಮಾರ್ಗದಲ್ಲಿ ಓಡಬಹುದಾದ ರೈಲುಗಳ ಸಂಖ್ಯೆಯೇ ಇಳಿಯುತ್ತದೆ. ಹೆಚ್ಚು ರೈಲು ಬೇಕೆಂದು ಮನವಿ ಕೊಡುವವರು ಎರಡನೆಯ ಹಳಿಯುಳ್ಳ ನಿಲ್ದಾಣಗಳು ಎಷ್ಟಿವೆ ಎಂಬುದನ್ನು ಮೊದಲು ಎಣಿಸಬೇಕು.

ತಾಳಗುಪ್ಪದಂಥ ಕೊನೆಯ ನಿಲ್ದಾಣಕ್ಕೆ ಇನ್ನೊಂದು ಕೆಲಸವಿದೆ. ಬಂದ ರೈಲಿನ ಎಂಜಿನ್ ಕಳಚಿ, ಪಕ್ಕದ ಹಳಿಯಲ್ಲಿ ಹಿಂದಕ್ಕೆ ಹೋಗಿ, ಇನ್ನೊಂದು ತುದಿಗೆ ಸೇರಿಕೊಳ್ಳಬೇಕು. ಬೋಗಿ ನಿಲ್ಲಲು, ನೀರು ತುಂಬಲು, ಸಿಬ್ಬಂದಿ ತಂಗಲು ಜಾಗ ಬೇಕು. ಹಳ್ಳಿಯಲ್ಲಿ ರಾತ್ರಿ ರೈಲು ತಂಗಿದರೆ ಬೆಳಗಿನ ರೈಲು ಹಳ್ಳಿಯಿಂದಲೇ ಹೊರಡುತ್ತದೆ. ಮಲೆನಾಡಿನವರು ಬೆಳಿಗ್ಗೆ ಹೊರಟು ಪಟ್ಟಣದ ಕೆಲಸ ಮುಗಿಸಲು ಸಾಧ್ಯವಾಗುವುದು ಈ ಅನುಕೂಲದಿಂದಲೇ.

ಸೊರಗಿದ ಕಾಲ

ಮೀಟರ್ ಗೇಜಿನ ಕೊನೆಯ ದಶಕಗಳು ಈ ಮಾರ್ಗಕ್ಕೆ ಒಳ್ಳೆಯವಾಗಿರಲಿಲ್ಲ. ಮೊದಲು ಹೋದದ್ದು ಸರಕು. ಹಿಂದೆ ಸಣ್ಣ ನಿಲ್ದಾಣದಲ್ಲೂ ಒಂದೆರಡು ಮೂಟೆಯಿಂದ ಹಿಡಿದು ಒಂದು ವ್ಯಾಗನ್ನಿನವರೆಗೆ ಸರಕು ಸಾಗಿಸಬಹುದಿತ್ತು. 1980ರ ದಶಕದ ನಂತರ ಭಾರತೀಯ ರೈಲ್ವೆ ಇಂಥ ಬಿಡಿ ಸರಕನ್ನು ಕೈಬಿಟ್ಟು, ಇಡೀ ರೈಲು ತುಂಬುವ ಕಲ್ಲಿದ್ದಲು, ಅದಿರು, ಸಿಮೆಂಟಿನಂಥ ಸರಕಿನ ಕಡೆ ಹೊರಳಿತು. ಅಡಿಕೆ, ಬಾಳೆ, ಶುಂಠಿ, ಅನಾನಸ್ ಬೆಳೆಯುವ ಸೀಮೆಗೆ ಇಡೀ ರೈಲು ತುಂಬುವಷ್ಟು ಸರಕು ಒಂದೇ ದಿನ, ಒಂದೇ ಜಾಗದಲ್ಲಿ ಎಲ್ಲಿಂದ ಬರಬೇಕು? ಸರಕೆಲ್ಲ ಲಾರಿ ಏರಿತು.

ಅನಂತರ ಪ್ರಯಾಣಿಕರ ರೈಲುಗಳೂ ಕಡಿಮೆಯಾದವು. ಕೊನೆಯ ವರ್ಷಗಳಲ್ಲಿ ಶಿವಮೊಗ್ಗ ಮತ್ತು ತಾಳಗುಪ್ಪಗಳ ನಡುವೆ ಓಡಿದ್ದು ಬಸ್ಸಿನ ಗಾತ್ರದ ರೈಲ್‌ಬಸ್. ಜನ ಅದನ್ನು ಪ್ರೀತಿಸಿದರು ಎಂಬುದು ನಿಜ. ಆದರೆ ಆ ಪ್ರೀತಿಯ ಹಿಂದೆ ಒಂದು ವಿಷವರ್ತುಲವಿತ್ತು. ರೈಲು ಕಡಿಮೆಯಾದರೆ ಜನ ಬಸ್ಸು ಹಿಡಿಯುತ್ತಾರೆ. ಜನ ಕಡಿಮೆಯಾದರೆ ಆದಾಯ ಇಳಿಯುತ್ತದೆ. ಆದಾಯ ಇಳಿದರೆ ಇನ್ನೊಂದು ರೈಲು ನಿಲ್ಲುತ್ತದೆ. ಸಸ್ಯಕ್ಕೆ ನೀರು ಕಡಿಮೆ ಮಾಡಿ, ಬಾಡಿತೆಂದು ಗೊಬ್ಬರವನ್ನೂ ನಿಲ್ಲಿಸಿ, ಕೊನೆಗೆ ಈ ತಳಿಯೇ ಸರಿಯಿಲ್ಲವೆಂದು ತೀರ್ಮಾನಿಸಿದ ಹಾಗೆ.

2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ವಲಯ ಸ್ಥಾಪನೆಯಾಯಿತು. ಅದಕ್ಕೂ ಹಿಂದೆ, 1992ರಲ್ಲಿ ದೇಶದಾದ್ಯಂತ ಹಳಿಗಳನ್ನು ಒಂದೇ ಅಳತೆಗೆ ತರುವ ಕಾರ್ಯಕ್ರಮ ಆರಂಭವಾಗಿತ್ತು. ಆ ಕ್ರಮದಲ್ಲಿ ತಾಳಗುಪ್ಪದ ಮಾರ್ಗವೂ 1676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಕೆಲಸ ನಡೆದಷ್ಟು ಕಾಲ ಊರಿಗೆ ರೈಲೇ ಇರಲಿಲ್ಲ. 2011ರಲ್ಲಿ ಬ್ರಾಡ್ ಗೇಜ್ ರೈಲು ತಾಳಗುಪ್ಪ ತಲುಪಿತು.

ಬ್ರಾಡ್ ಗೇಜಿನ ಲಾಭ, ಅದರ ಕೊರತೆ

ಪರಿವರ್ತನೆಯಿಂದ ಬಂದ ಲಾಭವನ್ನು ಮರೆಮಾಚಬೇಕಿಲ್ಲ. ಶಿವಮೊಗ್ಗದಲ್ಲಿ ಇಳಿದು ಇನ್ನೊಂದು ರೈಲು ಹಿಡಿಯುವ ಕಷ್ಟ ತಪ್ಪಿತು; ಬೆಂಗಳೂರು, ಮೈಸೂರುಗಳಿಗೆ ನೇರ ರೈಲುಗಳು ಬಂದವು. ಅವುಗಳಲ್ಲೊಂದಕ್ಕೆ ಕುವೆಂಪು ಅವರ ಹೆಸರಿದೆ. ನಿಲ್ದಾಣಗಳ ನವೀಕರಣಕ್ಕಾಗಿ ರೂಪಿಸಿದ ಅಮೃತ ಭಾರತ ಯೋಜನೆಯ ಪಟ್ಟಿಯಲ್ಲಿ ಸಾಗರ, ತಾಳಗುಪ್ಪಗಳ ಹೆಸರೂ ಸೇರಿದೆ.

ಆದರೆ ದೂರದ ರೈಲು ಬೇರೆ, ಊರಿನ ರೈಲು ಬೇರೆ. ತಾಳಗುಪ್ಪದಿಂದ ಬೆಂಗಳೂರಿಗೆ ಹೋಗುವವನಿಗೆ ವಾರದಲ್ಲಿ ಒಂದು ದಿನ ರೈಲು ಬೇಕು. ಅರಸಾಳಿನಿಂದ ಸಾಗರದ ಕಾಲೇಜಿಗೆ ಹೋಗುವವಳಿಗೆ ದಿನವೂ ಬೇಕು. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಮತ್ತೆ ಆರಂಭವಾದಾಗ ಹಲವೆಡೆ ಪ್ಯಾಸೆಂಜರ್ ರೈಲುಗಳು ಎಕ್ಸ್‌ಪ್ರೆಸ್ ಎಂಬ ಹೆಸರು ಹೊತ್ತು ಬಂದವು. ಅವುಗಳಲ್ಲಿ ಕನಿಷ್ಠ ದರ 10 ರೂಪಾಯಿಯಿಂದ 30 ರೂಪಾಯಿಗೆ ಏರಿತು. ಅನೇಕ ಸಣ್ಣ ನಿಲ್ದಾಣಗಳು ನಿಲುಗಡೆ ಕಳೆದುಕೊಂಡವು. ದರ ಮತ್ತೆ ಹಿಂದಿನ ಮಟ್ಟಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ದಿನಗೂಲಿಯವನಿಗೆ ಹೋಗಿ ಬರಲು 20 ರೂಪಾಯಿಗೂ 60 ರೂಪಾಯಿಗೂ ಇರುವ ವ್ಯತ್ಯಾಸ ಎಂಥದ್ದೆಂದು ವಿವರಿಸಬೇಕಿಲ್ಲ.

ಇದೇ ಮಾರ್ಗದ ಅರಸಾಳು ನಿಲ್ದಾಣ ದೇಶಕ್ಕೆಲ್ಲ ಪರಿಚಿತ. ಆರ್.ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ ದೂರದರ್ಶನದ ಧಾರಾವಾಹಿಯಲ್ಲಿ ಅದು ಮಾಲ್ಗುಡಿಯ ನಿಲ್ದಾಣವಾಗಿ ಕಾಣಿಸಿತು. ಅದರ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ವಸ್ತುಸಂಗ್ರಹಾಲಯವಾಗಿಸಿದ್ದು ಮೆಚ್ಚತಕ್ಕ ಕೆಲಸ. ಹಳೆಯ ಕಟ್ಟಡಕ್ಕೆ ಸಿಕ್ಕ ಕಾಳಜಿ ಅಲ್ಲಿ ರೈಲಿಗೆ ಕಾಯುವ ಪ್ರಯಾಣಿಕನಿಗೂ ಸಿಗಬೇಕೆಂಬುದಷ್ಟೇ ಮಲೆನಾಡಿನ ಬೇಡಿಕೆ.

ಹಳಿಯ ಬದಿಯ ನೆಲ

ಕೃಷಿಯ ದೃಷ್ಟಿಯಿಂದ ಹಳಿಯ ಅಕ್ಕಪಕ್ಕದ ನೆಲಕ್ಕೂ ಗಮನ ಕೊಡಬೇಕು. ಮಲೆನಾಡಿನ ಹೊಲಗದ್ದೆಗಳೆಲ್ಲ ನೀರಿನ ಜಾಡಿನಲ್ಲಿವೆ. ಗುಡ್ಡದ ನೆತ್ತಿಯ ಕಾನು ಮಳೆಯನ್ನು ಹಿಡಿಯುತ್ತದೆ. ಸೊಪ್ಪಿನಬೆಟ್ಟ ಅದನ್ನು ಇಂಗಿಸುತ್ತದೆ. ಕಣಿವೆಯ ತೋಟ, ಗದ್ದೆಗಳು ಅದನ್ನು ಉಣ್ಣುತ್ತವೆ. ಈ ಜಾಡಿಗೆ ಅಡ್ಡಲಾಗಿ ಏರಿ ಹಾಕಿದಾಗ ಮೋರಿಯ ಗಾತ್ರವೇ ನೀರಿನ ಹಣೆಬರಹ. ಮೋರಿ ಕಿರಿದಾದರೆ ಮೇಲಿನ ಗದ್ದೆ ಜೌಗಾಗುತ್ತದೆ, ಕೆಳಗಿನ ತೋಟದಲ್ಲಿ ಕೊರಕಲು ಬೀಳುತ್ತದೆ. ನೀರು ನಿಂತ ತೋಟದಲ್ಲಿ ಅಡಿಕೆಯ ಬೇರು ಕೊಳೆಯುತ್ತದೆ. ಮಳೆಗಾಲಕ್ಕೆ ಮುನ್ನ ಮೋರಿಗಳ ಹೂಳು ತೆಗೆಸುವುದು ರೈಲ್ವೆಯ ಸುರಕ್ಷತೆಗೂ ರೈತನ ಬೆಳೆಗೂ ಸಮಾನವಾಗಿ ಬೇಕಾದ ಕೆಲಸ.

ಇನ್ನೊಂದು ಸಂಗತಿ ಕಳೆ. ಹಳಿ ಮತ್ತು ರಸ್ತೆಗಳು ಜನರನ್ನಷ್ಟೇ ಅಲ್ಲ, ಬೀಜಗಳನ್ನೂ ಸಾಗಿಸುತ್ತವೆ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ದೇಶವನ್ನೆಲ್ಲ ಆವರಿಸಿದ್ದು ಇಂಥ ದಾರಿಗಳ ಬದಿಯ ಬರಡು ನೆಲದ ಮೂಲಕವೇ. ಅದರ ಮೇಲೆ ಕಳೆನಾಶಕ ಸಿಂಪಡಿಸಿದರೆ ವಿಷ ಮೊದಲ ಮಳೆಗೇ ಹಳ್ಳ ಸೇರುವ ಭಯವಿದೆ. ಹೂ ಬಿಡುವ ಮೊದಲೇ ಕಿತ್ತು, ಆ ಜಾಗದಲ್ಲಿ ಸ್ಥಳೀಯ ಹುಲ್ಲು ಮತ್ತು ಗಿಡಗಂಟಿಗಳನ್ನು ಬೆಳೆಯಗೊಡುವುದು ಸುರಕ್ಷಿತ ಕ್ರಮ. ನಿಲ್ದಾಣದ ಖಾಲಿ ಜಾಗದಲ್ಲಿ ಅಕೇಶಿಯಾದ ಬದಲು ಹಲಸು, ಮಾವು, ಹೊಂಗೆ, ನೇರಳೆಗಳಿದ್ದರೆ ಪ್ರಯಾಣಿಕರಿಗೆ ನೆರಳೂ ಹಕ್ಕಿಗಳಿಗೆ ಹಣ್ಣೂ ಸಿಗುತ್ತವೆ.

ಹಳಿ ಮುಂದಕ್ಕೆ ಹೋಗಬೇಕೆ?

ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಇಳಿಸಿ ಕೊಂಕಣ ರೈಲ್ವೆಗೆ ಕೂಡಿಸಬೇಕು, ಸಿದ್ದಾಪುರ, ಶಿರಸಿಯ ಮೂಲಕ ಹುಬ್ಬಳ್ಳಿಗೆ ಒಯ್ಯಬೇಕು ಎಂಬ ಬೇಡಿಕೆಗಳು ಹಳೆಯವು. ಬೇಡಿಕೆಯ ಹಿಂದಿನ ಆಸೆ ನ್ಯಾಯವಾದುದೇ. ಆದರೆ ಘಟ್ಟ ಇಳಿಯುವ ಹಳಿಯ ಬೆಲೆ ಏನೆಂಬುದು ಊಹೆಗೆ ಬಿಟ್ಟ ವಿಷಯವಲ್ಲ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವೆ ಅದು ಕಣ್ಣಮುಂದೆ ಇದೆ. ಐವತ್ತು ಕಿಲೋಮೀಟರಿಗೆ ತುಸು ಹೆಚ್ಚಿನ ಆ ಹಾದಿಗೆ 57 ಸುರಂಗಗಳು ಬೇಕಾದವು. ಐವತ್ತು ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಇಳಿಯುವ ಕಡಿದಾದ ದಾರಿ ಅದು. 2018ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡಗಳು ಜರಿದು ಸಂಚಾರ ನಿಂತಿತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಮತ್ತೆ ಭೂಕುಸಿತವಾಗಿ ಹಲವು ದಿನ ರೈಲು ಓಡಲಿಲ್ಲ. ಒಮ್ಮೆ ಕಡಿದ ಘಟ್ಟ ಪ್ರತಿ ಮಳೆಗಾಲದಲ್ಲೂ ತನ್ನ ಲೆಕ್ಕ ಕೇಳುತ್ತದೆ.

ಶರಾವತಿಯ ಇಳಿಜಾರಿನ ಕಾಡಿನ ಬೆಲೆಯಂತೂ ಇನ್ನೂ ಹೆಚ್ಚು. ಸಿಂಗಳೀಕಗಳ ಮುಖ್ಯ ನೆಲೆಗಳಲ್ಲಿ ಈ ಸೀಮೆಯೂ ಒಂದು. ಮರದಿಂದ ಮರಕ್ಕೆ ನೆಗೆದು ಬದುಕುವ ಆ ಪ್ರಾಣಿಗೆ ಕಾಡಿನ ಮೇಲ್ಛಾವಣಿ ತುಂಡಾದರೆ ದಾರಿಯೇ ತುಂಡಾದಂತೆ. ಇಲ್ಲಿನ ಕತ್ತಲೆಕಾನಿನಲ್ಲಿ ರಾಂಪತ್ರೆಯ ಜಡ್ಡಿಗಳಿವೆ. ವರ್ಷವಿಡೀ ನೀರು ಹರಿಯುವ, ಬೇರುಗಳು ಮಂಡಿಯಂತೆ ನೆಲದಿಂದ ಮೇಲೆದ್ದಿರುವ ಅತಿ ಪ್ರಾಚೀನ ಕಾಡು ಅದು. ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ. ಹೆಸರಿಡುವ ಮೊದಲೇ ಕಳೆದುಕೊಳ್ಳಬಹುದಾಗಿದ್ದ ಜೀವವೊಂದು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಅಡಗಿಕೊಂಡಿತ್ತೆಂದರೆ, ಇನ್ನೂ ತಿಳಿಯದ್ದು ಎಷ್ಟಿರಬಹುದು?

ಆದ್ದರಿಂದ ಇಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ಹೇಳಬೇಕಾಗಿದೆ. ಘಟ್ಟದಲ್ಲಿ ಹೊಸ ಹಳಿ ಬೇಡ. ಇರುವ ಹಳಿ ಪೂರ್ತಿ ದುಡಿಯಬೇಕು. ಮೊದಲನೆಯ ಮಾತನ್ನಷ್ಟೇ ಹೇಳಿದರೆ ಪರಿಸರವಾದಿಗಳು ಅಭಿವೃದ್ಧಿಯ ವಿರೋಧಿಗಳೆಂಬ ಆರೋಪ ಬರುತ್ತದೆ. ಎರಡನೆಯದನ್ನು ಹೇಳದೆ ಬಿಟ್ಟರೆ ಆ ಆರೋಪಕ್ಕೆ ಉತ್ತರವೂ ಇರುವುದಿಲ್ಲ. ಈ ನೂರು ಕಿಲೋಮೀಟರು ಹಳಿಗಾಗಿ ಕಾಡು ಒಮ್ಮೆ ಬೆಲೆ ತೆತ್ತಿದೆ. ಆ ಹಳಿಯನ್ನು ದಿನಕ್ಕೆ ಬೆರಳೆಣಿಕೆಯ ರೈಲಿಗೆ ಬಿಟ್ಟು, ಅದರ ಪಕ್ಕದಲ್ಲೇ ಹೆದ್ದಾರಿಯನ್ನು ಅಗಲಿಸಲು ಮತ್ತೆ ಮರ ಕಡಿಯುವುದು ಒಂದೇ ಸಾಲವನ್ನು ಎರಡು ಬಾರಿ ತೀರಿಸಿದಂತೆ.

ಮಾಡಬೇಕಾದ ಕೆಲಸ

ಮೊದಲನೆಯದಾಗಿ, ತಾಳಗುಪ್ಪ ಮತ್ತು ಶಿವಮೊಗ್ಗಗಳ ನಡುವೆ ಎಲ್ಲ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ, ಕಾಲೇಜು, ಕಚೇರಿ, ಸಂತೆಗಳ ವೇಳೆಗೆ ಹೊಂದುವ ಹಗಲಿನ ಲೋಕಲ್ ರೈಲುಗಳನ್ನು ಕೇಳಬೇಕು. ಎರಡನೆಯದಾಗಿ, ರೈಲು ಬರುವ ಹೊತ್ತಿಗೆ ನಿಲ್ದಾಣದಿಂದ ಜೋಗಕ್ಕೂ ಸಿದ್ದಾಪುರಕ್ಕೂ ಸುತ್ತಲ ಹಳ್ಳಿಗಳಿಗೂ ಸರ್ಕಾರಿ ಬಸ್ ಇರಬೇಕು. ಜೋಗಕ್ಕೆ ಬರುವ ಪ್ರವಾಸಿ ಕಾರಿನ ಬದಲು ರೈಲಿನಲ್ಲಿ ಬಂದರೆ ರಸ್ತೆಯ ಮೇಲಿನ ಒತ್ತಡ ಇಳಿಯುತ್ತದೆ. ಮೂರನೆಯದಾಗಿ, ಪ್ರಯಾಣಿಕರ ರೈಲುಗಳಿಗೆ ಪಾರ್ಸೆಲ್ ಬೋಗಿ ಜೋಡಿಸಿ ರೈತರ ಸಹಕಾರ ಸಂಘಗಳಿಗೆ ಬಿಡಿ ಸರಕಿನ ಅವಕಾಶ ಕೊಡಬೇಕು. ಹಣ್ಣು, ತರಕಾರಿಗಳಿಗಾಗಿ 2020ರ ಆಗಸ್ಟಿನಲ್ಲಿ ದೇಶದಲ್ಲಿ ಕಿಸಾನ್ ರೈಲು ಆರಂಭವಾದದ್ದನ್ನು ನೆನೆದರೆ ಈ ಬೇಡಿಕೆ ಅಸಾಧ್ಯವಾದುದೇನಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕಾದಿದೆ. ಮನವಿಪತ್ರಕ್ಕೆ ಸಹಿಗಿಂತ ಅಂಕಿ ಹೆಚ್ಚಿನ ಬಲ ಕೊಡುತ್ತದೆ. ಒಂದು ತಿಂಗಳು ಪ್ರತಿ ನಿಲ್ದಾಣದಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು, ರೈಲಿನ ವೇಳೆ ಹೊಂದದೆ ಎಷ್ಟು ಜನ ಬಸ್ಸಿಗೆ ಹೋದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಹಳಿಯ ಬದಿಯ ಮೋರಿಗಳನ್ನು, ಅವುಗಳಲ್ಲಿ ಹೂಳು ತುಂಬಿದವನ್ನು ಪಟ್ಟಿ ಮಾಡಬೇಕು. ಉಗಿಬಂಡಿಯ ಕಾಲವನ್ನು ಕಂಡ ಅಜ್ಜ ಅಜ್ಜಿಯರ ನೆನಪುಗಳನ್ನು, ಗ್ಯಾಂಗ್‌ಮನ್‌ಗಳಾಗಿ ಮಳೆಯಲ್ಲಿ ಹಳಿ ಕಾದವರ ಅನುಭವಗಳನ್ನು ಅವರಿರುವಾಗಲೇ ದಾಖಲಿಸಬೇಕು. ಈ ಕೆಲಸಕ್ಕೆ ಬೇಕಾದದ್ದು ತಾಳ್ಮೆಯೊಂದೇ.

ಹಳಿ ತಾಳಗುಪ್ಪದಲ್ಲಿ ಮುಗಿಯುತ್ತದೆ ಎಂಬುದು ಪಟ್ಟಣದ ಕಡೆಯಿಂದ ನೋಡಿದವರ ಮಾತು. ಊರಿನವರಿಗೆ ಅದು ಇಲ್ಲಿಂದ ಆರಂಭವಾಗುತ್ತದೆ. ಬೆಳಗಿನ ರೈಲು ಹೊರಡುವಾಗ ಅದರಲ್ಲಿ ಕುಳಿತ ವಿದ್ಯಾರ್ಥಿನಿಗೂ, ಕಣಿವೆಯ ಆಚೆಯ ಮರದ ತುದಿಯಲ್ಲಿರುವ ಸಿಂಗಳೀಕಕ್ಕೂ ಈ ಹಳಿಯಲ್ಲಿ ಸಮಾನ ಪಾಲಿದೆ: ಒಬ್ಬಳಿಗೆ ಅದು ಓಡಬೇಕು, ಇನ್ನೊಂದಕ್ಕೆ ಅದು ಇಲ್ಲಿಗೇ ನಿಲ್ಲಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ಹೊಣೆ ಮಲೆನಾಡಿನ ಜನರದು.